ಫಿಲಂ ಛಾಯಾಗ್ರಹಣ ಈಗ ಪರ್ಯಾಯ ಪ್ರಕ್ರಿಯೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲಂನಲ್ಲಿ ಫೋಟೋ ತೆಗೆಯುವುದನ್ನು ಈಗ ಪರ್ಯಾಯ ಪ್ರಕ್ರಿಯೆ ಎಂದು ಕರೆಯಬಹುದೇ?

ಇನ್ನೂ ಕರೆಯುವಂತಿಲ್ಲ ಎಂಬುದು ನನ್ನ ಅಭಿಪ್ರಾಯ. ಫಿಲಂ ಇಂದು ಕೆಲವೇ ಜನರ ಮಾಧ್ಯಮವಾಗಿದೆ, ದುಬಾರಿಯಾಗಿದೆ, ಊರೂರಿನ ಸ್ಟುಡಿಯೋಗಳಲ್ಲಿ ರೀಲು ತೊಳೆದುಕೊಡುತ್ತಿದ್ದವರು ಆ ಕೆಲಸ ಬಿಟ್ಟಿದ್ದಾರೆ, ಇದೆಲ್ಲವೂ ನಿಜ. ಆದರೂ ಡಬ್ಬಿಯಿಂದ ತೆಗೆದು ಕ್ಯಾಮೆರಾಕ್ಕೆ ಹಾಕುವ ರೋಲು ಕಾರ್ಖಾನೆಯಲ್ಲಿ ಪೂರ್ತಿ ಸಿದ್ಧವಾಗಿ ಬಂದ ಸರಕು. ಬೆಳಕಿಗೆ ಸ್ಪಂದಿಸುವ ಪದರವನ್ನು ಛಾಯಾಗ್ರಾಹಕರೇ ಕೈಯಾರೆ ಸಿದ್ಧಪಡಿಸಿಕೊಳ್ಳಬೇಕಾದಾಗ ಮಾತ್ರ ಒಂದು ವಿಧಾನವನ್ನು ಪರ್ಯಾಯ ಪ್ರಕ್ರಿಯೆಗಳ ಸಾಲಿಗೆ ಸೇರಿಸುವುದು ಸರಿಯೆನಿಸುತ್ತದೆ. ಈ ಅಳತೆಯನ್ನು ಏಕೆ ಆರಿಸಿಕೊಂಡಿದ್ದೇನೆ, ಅದು ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಮುಂದಿನ ಉತ್ತರಗಳಲ್ಲಿ ವಿವರಿಸಿದ್ದೇನೆ.

ಪರ್ಯಾಯ ಪ್ರಕ್ರಿಯೆ ಎಂದರೆ ಸಾಮಾನ್ಯವಾಗಿ ಯಾವುದನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆ?

ಸಯನೋಟೈಪ್ (ಕಬ್ಬಿಣದ ಲವಣಗಳಿಂದ ನೀಲಿ ಚಿತ್ರ ಮೂಡಿಸುವ ಮುದ್ರಣ), ವ್ಯಾನ್‌ಡೈಕ್ ಬ್ರೌನ್, ಕ್ಯಾಲಿಟೈಪ್, ಪ್ಲ್ಯಾಟಿನಂ ಮತ್ತು ಪಲ್ಲಾಡಿಯಂ ಮುದ್ರಣ, ಗಮ್ ಬೈಕ್ರೋಮೇಟ್, ಕಾರ್ಬನ್ ಮುದ್ರಣ, ಆಲ್ಬುಮೆನ್, ಸಾಲ್ಟ್ ಪ್ರಿಂಟ್, ವೆಟ್ ಕೊಲೋಡಿಯನ್, ಡಾಗೆರೊಟೈಪ್ ಇವು ಆ ಪಟ್ಟಿಯಲ್ಲಿ ಎಲ್ಲರೂ ಒಪ್ಪುವ ಹೆಸರುಗಳು; ಕಾಗದ, ಗಾಜು ಅಥವಾ ಲೋಹದ ಮೇಲೆ ಪದರವನ್ನು ಕೈಯಾರೆ ಸಿದ್ಧಪಡಿಸಿ ಚಿತ್ರ ಮೂಡಿಸುವ ವಿಧಾನಗಳು ಇವೆಲ್ಲ. ಇವುಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದವು. ಡಾಗೆರೊಟೈಪಿನ ವಿಧಾನವನ್ನು ಫ್ರಾನ್ಸ್ ಬಹಿರಂಗಪಡಿಸಿದ್ದು 1839ರಲ್ಲಿ; ಜಾನ್ ಹರ್ಷೆಲ್ ಸಯನೋಟೈಪನ್ನು ಕಂಡುಹಿಡಿದದ್ದು 1842ರಲ್ಲಿ; ಫ್ರೆಡರಿಕ್ ಸ್ಕಾಟ್ ಆರ್ಚರ್ ವೆಟ್ ಕೊಲೋಡಿಯನ್ ವಿಧಾನವನ್ನು ಪ್ರಕಟಿಸಿದ್ದು 1851ರಲ್ಲಿ.

ಇವೆಲ್ಲ ಹುಟ್ಟಿದಾಗ ಯಾರೂ ಇವುಗಳನ್ನು ಪರ್ಯಾಯ ಎಂದು ಕರೆದಿರಲಿಲ್ಲ ಎಂಬುದನ್ನು ಗಮನಿಸಬೇಕು. 1860ರ ದಶಕದಲ್ಲಿ ಊರಿನ ಸ್ಟುಡಿಯೋದವನು ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವ ಸುರಿದು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಡೆವಲಪ್ ಮಾಡುತ್ತಿದ್ದದ್ದು ಅವನ ದಿನನಿತ್ಯದ ಕಸುಬು. ಪರ್ಯಾಯ ಎಂಬ ಹಣೆಪಟ್ಟಿ ಬಂದದ್ದು ಇಪ್ಪತ್ತನೆಯ ಶತಮಾನದ ಅರವತ್ತು-ಎಪ್ಪತ್ತರ ದಶಕಗಳಲ್ಲಿ, ಅಮೆರಿಕ ಮತ್ತು ಯುರೋಪಿನ ಕಲಾವಿದರು ಹಳೆಯ ಸೂತ್ರಗಳನ್ನು ಮತ್ತೆ ಕೈಗೆತ್ತಿಕೊಂಡಾಗ. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಬ್ರೋಮೈಡ್ ಕಾಗದ (ಬೆಳ್ಳಿಯ ಲವಣ ಲೇಪಿಸಿದ ಸಿದ್ಧ ಕಪ್ಪು-ಬಿಳುಪು ಕಾಗದ) ಮತ್ತು ಬಣ್ಣದ ಕಾಗದಗಳೇ ರೂಢಿಯಾಗಿದ್ದವು. ಅವನ್ನು ಬಿಟ್ಟು ತಾವೇ ಕಾಗದಕ್ಕೆ ರಾಸಾಯನಿಕ ಬಳಿದುಕೊಳ್ಳುತ್ತಿದ್ದವರ ಕೆಲಸ ರೂಢಿಗೆ ಪರ್ಯಾಯವಾಯಿತು.

ಆದ್ದರಿಂದ ಇಲ್ಲಿ ಎರಡು ಷರತ್ತುಗಳಿವೆ. ಮಾರುಕಟ್ಟೆಯಲ್ಲಿ ಸಿದ್ಧರೂಪದ ಒಂದು ರೂಢಿ ಇರಬೇಕು ಮತ್ತು ಅದರ ಹೊರಗೆ ನಿಂತವರು ಸಂವೇದಿ ಪದರವನ್ನು ತಾವೇ ತಯಾರಿಸಿಕೊಳ್ಳುತ್ತಿರಬೇಕು. ಇಂದಿನ ರೂಢಿ ಡಿಜಿಟಲ್ ಆಗಿರುವುದರಿಂದ ಫಿಲಂ ಮೊದಲನೆಯ ಷರತ್ತಿನಲ್ಲಿ ತೇರ್ಗಡೆಯಾಗುತ್ತದೆ, ಎರಡನೆಯದರಲ್ಲಿ ಇಲ್ಲ.

ಬಳಸುವವರ ಸಂಖ್ಯೆ ಇಷ್ಟು ಇಳಿದಿರುವಾಗ ಮೊದಲನೆಯ ಷರತ್ತು ಒಂದೇ ಸಾಲದೇ?

ಸಾಕು ಎನ್ನುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊಡಾಕ್ ಕಂಪನಿಯ ಸ್ಟೀವ್ ಸ್ಯಾಸನ್ 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದಾಗ ಅದೊಂದು ಪ್ರಯೋಗಶಾಲೆಯ ಕುತೂಹಲವಾಗಿತ್ತು. ಹೊಸ ಶತಮಾನದ ಮೊದಲ ದಶಕ ಮುಗಿಯುವಷ್ಟರಲ್ಲಿ ಫಿಲಂ ಮಾರಾಟ ಕುಸಿದುಬಿದ್ದಿತ್ತು. ನಿಕಾನ್ ತನ್ನ ಬಹುಪಾಲು ಫಿಲಂ ಕ್ಯಾಮೆರಾಗಳ ತಯಾರಿಕೆ ನಿಲ್ಲಿಸುವುದಾಗಿ 2006ರಲ್ಲಿ ಪ್ರಕಟಿಸಿತು, ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಮದುವೆ, ಪತ್ರಿಕೆ, ಜಾಹೀರಾತು, ಪಾಸ್‌ಪೋರ್ಟ್ ಫೋಟೋ, ಹೀಗೆ ಛಾಯಾಗ್ರಹಣ ಹೊಟ್ಟೆ ಹೊರೆಯುವ ಯಾವ ಕ್ಷೇತ್ರದಲ್ಲಿಯೂ ಫಿಲಂ ಈಗ ಕಡ್ಡಾಯವಲ್ಲ. ಇಂದು ಫಿಲಂ ಆರಿಸಿಕೊಳ್ಳುವವರು ಬೇಕೆಂದೇ ಆರಿಸಿಕೊಳ್ಳುತ್ತಾರೆ, ಮತ್ತು ಹೀಗೆ ಬೇಕೆಂದೇ ಆರಿಸಿಕೊಳ್ಳುವುದು ಪರ್ಯಾಯ ಪ್ರಕ್ರಿಯೆಯ ಒಂದು ಮುಖ್ಯ ಲಕ್ಷಣ ಎಂಬುದನ್ನು ನಾನೂ ಒಪ್ಪುತ್ತೇನೆ.

ಆದರೆ ಅಪರೂಪವಾಗಿರುವುದೂ ಪರ್ಯಾಯವಾಗಿರುವುದೂ ಒಂದೇ ಎಂದು ಹೇಳಿದರೆ ಪಟ್ಟಿ ಕೈಮೀರಿ ಬೆಳೆಯುತ್ತದೆ. ದೊಡ್ಡ ಫಾರ್ಮ್ಯಾಟಿನ ಡಿಜಿಟಲ್ ಬ್ಯಾಕ್ (ಕ್ಯಾಮೆರಾದ ಹಿಂಬದಿಗೆ ಜೋಡಿಸುವ ಡಿಜಿಟಲ್ ಸೆನ್ಸರ್) ಬಳಸುವವರು ಫಿಲಂ ಬಳಸುವವರಿಗಿಂತ ಕಡಿಮೆ ಇರಬಹುದು. ಅವರದನ್ನು ಯಾರೂ ಪರ್ಯಾಯ ಪ್ರಕ್ರಿಯೆ ಎನ್ನುವುದಿಲ್ಲ.

ಕಾಲ ಸರಿದಂತೆ ಎಲ್ಲ ಪ್ರಕ್ರಿಯೆಗಳೂ ತಾವಾಗಿಯೇ ಪರ್ಯಾಯವಾಗುತ್ತವೆ ಎನ್ನಬಹುದಲ್ಲವೇ?

ಈ ಪ್ರಶ್ನೆಗೆ ಪ್ಲ್ಯಾಟಿನಂ ಮುದ್ರಣದ ಇತಿಹಾಸಕ್ಕಿಂತ ಒಳ್ಳೆಯ ಉತ್ತರವಿಲ್ಲ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಇಂಗ್ಲೆಂಡಿನ ವಿಲಿಯಂ ವಿಲ್ಲಿಸ್ ಪ್ಲ್ಯಾಟಿನಂ ಮುದ್ರಣಕ್ಕೆ ಪೇಟೆಂಟ್ ಪಡೆದದ್ದು 1873ರಲ್ಲಿ. ಮುಂದಿನ ವರ್ಷಗಳಲ್ಲಿ ಅವನ ಕಂಪನಿ ಪ್ಲ್ಯಾಟಿನಂ ಲೇಪಿಸಿದ ಸಿದ್ಧ ಕಾಗದವನ್ನು ಮಾರಲು ತೊಡಗಿತು, ಬೇರೆ ತಯಾರಕರೂ ಸೇರಿಕೊಂಡರು. ಇಂಗ್ಲೆಂಡಿನ ಚರ್ಚುಗಳ ಒಳಾಂಗಣಗಳನ್ನು ಅಸಾಮಾನ್ಯ ಸೂಕ್ಷ್ಮತೆಯಿಂದ ಹಿಡಿದಿಟ್ಟ ಫ್ರೆಡರಿಕ್ ಇವಾನ್ಸ್ ಮುದ್ರಿಸುತ್ತಿದ್ದದ್ದು ಇಂಥ ಕಾಗದದ ಮೇಲೆಯೇ. ಅಂದರೆ ಇಂದು ಪರ್ಯಾಯ ಪ್ರಕ್ರಿಯೆಗಳ ಕಿರೀಟದಂತೆ ಕಾಣುವ ಪ್ಲ್ಯಾಟಿನಂ, ಆಗ ಅಂಗಡಿಯಲ್ಲಿ ಕಾಸು ಕೊಟ್ಟರೆ ಸಿಗುವ ಒಂದು ಸಾಮಗ್ರಿಯಾಗಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಆ ಲೋಹ ಯುದ್ಧದ ಕೈಗಾರಿಕೆಗೆ ಬೇಕಾಯಿತು, ಬೆಲೆ ಗಗನಕ್ಕೇರಿತು, ಒಬ್ಬೊಬ್ಬರಾಗಿ ತಯಾರಕರು ಕಾಗದವನ್ನು ನಿಲ್ಲಿಸುತ್ತ ಬಂದರು. ಅಭಿರುಚಿ ಬದಲಾದದ್ದೂ ಒಂದು ಕಾರಣ, ಆದರೆ ಕಾಗದ ಸಿಗದೆ ಹೋದದ್ದೇ ನಿರ್ಣಾಯಕವಾಯಿತು. 1960ರ ದಶಕದಲ್ಲಿ ಅಮೆರಿಕದ ಛಾಯಾಗ್ರಾಹಕ ಇರ್ವಿಂಗ್ ಪೆನ್ ಪ್ಲ್ಯಾಟಿನಂಗೆ ಮರಳಿದಾಗ ಕೊಳ್ಳಲು ಕಾಗದವೇ ಇರಲಿಲ್ಲ. ಲವಣಗಳನ್ನು ತಾನೇ ಬೆರೆಸಿ, ಕಾಗದಕ್ಕೆ ಕೈಯಿಂದ ಲೇಪಿಸಿ, ಪದರದ ಮೇಲೆ ಪದರ ಮುದ್ರಿಸುವ ವಿಧಾನವನ್ನು ಅವರು ರೂಪಿಸಿಕೊಳ್ಳಬೇಕಾಯಿತು.

ಸಯನೋಟೈಪಿನ ಕಥೆಯೂ ಬಹುಮಟ್ಟಿಗೆ ಹೀಗೆಯೇ ಇದೆ. ಎಂಜಿನಿಯರುಗಳ ಕಚೇರಿಗಳಿಗೆ ಅದರ ಸಿದ್ಧ ಕಾಗದ ದಶಕಗಳ ಕಾಲ ಸುರುಳಿ ಸುರುಳಿಯಾಗಿ ಪೂರೈಕೆಯಾಗುತ್ತಿತ್ತು, ಸೇತುವೆ ಕಟ್ಟಡಗಳ ನಕ್ಷೆಗಳು ಅದರಲ್ಲಿ ನಕಲಾಗುತ್ತಿದ್ದವು. ಆ ಉದ್ಯಮ ಬೇರೆ ತಂತ್ರಜ್ಞಾನಕ್ಕೆ ಹೊರಳಿದ ಮೇಲೆ ಸಯನೋಟೈಪ್ ಬ್ರಷ್ಷು ಹಿಡಿದವರ ಕೈಗೆ ಬಂತು. ಎರಡೂ ಕಡೆ ಗಡಿ ದಾಟಿದ ಗಳಿಗೆ ಒಂದೇ ಬಗೆಯದು: ಕಾರ್ಖಾನೆ ಕೈಬಿಟ್ಟಿತು, ಬಳಕೆದಾರ ಕೈಬಿಡಲಿಲ್ಲ.

ಹಾಗಾದರೆ ಫಿಲಂ ಕಾರ್ಖಾನೆಗಳು ಇನ್ನೂ ನಡೆಯುತ್ತಿವೆಯೇ?

ನಡೆಯುತ್ತಿವೆ. ಅಮೆರಿಕದ ರೋಚೆಸ್ಟರ್‌ನಲ್ಲಿ ಈಸ್ಟ್‌ಮನ್ ಕೊಡಾಕ್, ಇಂಗ್ಲೆಂಡಿನ ಚೆಷೈರ್‌ನಲ್ಲಿರುವ ಮಾಬರ್ಲಿಯಲ್ಲಿ ಇಲ್ಫೋರ್ಡ್ ಹೆಸರಿನ ಫಿಲಂ ತಯಾರಿಸುವ ಹಾರ್ಮನ್ ಟೆಕ್ನಾಲಜಿ, ಜೆಕ್ ದೇಶದ ಹ್ರಾಡೆಟ್ಸ್ ಕ್ರಾಲೊವೆಯಲ್ಲಿ 1921ರಿಂದ ಇರುವ ಫೋಮಾ ಇವು ಮುಖ್ಯವಾದವು. ನಿಂತುಹೋದ ಸರಕುಗಳು ಮರಳಿ ಬಂದದ್ದೂ ಉಂಟು: ಎಕ್ಟಾಕ್ರೋಮ್ ಸ್ಲೈಡ್ ಫಿಲಂ 2018ರಲ್ಲಿ ಮತ್ತೆ ಮಾರುಕಟ್ಟೆಗೆ ಬಂತು, ಫ್ಯೂಜಿಫಿಲಂ 2018ರಲ್ಲಿ ನಿಲ್ಲಿಸಿದ ಆಕ್ರೋಸ್ ಕಪ್ಪು-ಬಿಳುಪು ಫಿಲಂನ ಹೊಸ ಆವೃತ್ತಿ ಮರುವರ್ಷವೇ ಹೊರಬಂತು. ಕಪ್ಪು-ಬಿಳುಪಿಗೆ ಹೆಸರಾದ ಹಾರ್ಮನ್ 2023ರ ಕೊನೆಯಲ್ಲಿ ಫೀನಿಕ್ಸ್ ಎಂಬ ಬಣ್ಣದ ಫಿಲಂ ತಂದಿತು. 2024ರಲ್ಲಿ ಪೆಂಟಾಕ್ಸ್ 17 ಎಂಬ ಹಾಫ್ ಫ್ರೇಮ್ (ಒಂದು ಚಿತ್ರದ ಜಾಗದಲ್ಲಿ ಎರಡು ತೆಗೆಯುವ) ಫಿಲಂ ಕ್ಯಾಮೆರಾ ಹೊಸದಾಗಿ ವಿನ್ಯಾಸಗೊಂಡು ಬಿಡುಗಡೆಯಾಯಿತು. ಹೊಸ ಕ್ಯಾಮೆರಾ ಮಾದರಿ, ಬ್ಯಾಚ್ ನಂಬರು, ಅವಧಿ ಮುಗಿಯುವ ದಿನಾಂಕ, ವಿತರಕರ ಜಾಲ ಇವೆಲ್ಲ ಇರುವ ಮಾಧ್ಯಮವನ್ನು ಸಣ್ಣ ಉದ್ಯಮ ಎನ್ನಬಹುದು. ಪರ್ಯಾಯ ಪ್ರಕ್ರಿಯೆ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಇದರ ಹಿಂದೆ ಸಿನಿಮಾದ ಪಾತ್ರವೂ ಇದೆ. ಫ್ಯೂಜಿಫಿಲಂ 2013ರಲ್ಲಿ ಚಲನಚಿತ್ರ ಫಿಲಂ ತಯಾರಿಕೆಯಿಂದ ಹಿಂದೆ ಸರಿದ ಮೇಲೆ, ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು ಕೊಡಾಕ್‌ನಿಂದ ಫಿಲಂ ಕೊಳ್ಳುತ್ತೇವೆಂದು ಒಪ್ಪಂದ ಮಾಡಿಕೊಂಡವು. ಲೇಪನದ ಯಂತ್ರ ಕಿಲೋಮೀಟರುಗಟ್ಟಲೆ ಓಡಿದರೆ ಮಾತ್ರ ಗಿಟ್ಟುತ್ತದೆ. ಹವ್ಯಾಸಿಗಳು ಕೊಳ್ಳುವ 36 ಚಿತ್ರಗಳ ರೋಲುಗಳಷ್ಟರಿಂದಲೇ ಅದನ್ನು ಓಡಿಸುವುದು ಕಷ್ಟ.

ನಮ್ಮ ಊಟಿಯ ಕಾರ್ಖಾನೆ ಏನಾಯಿತು?

ಹಿಂದೂಸ್ತಾನ್ ಫೋಟೋ ಫಿಲಂಸ್ ಕೇಂದ್ರ ಸರ್ಕಾರದ ಉದ್ಯಮವಾಗಿ 1960ರಲ್ಲಿ ಸ್ಥಾಪನೆಯಾಗಿ, 1967ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ‘ಇಂದು’ ಎಂಬ ಬ್ರಾಂಡಿನ ಕಪ್ಪು-ಬಿಳುಪು ರೋಲು, ಬ್ರೋಮೈಡ್ ಕಾಗದ ಮತ್ತು ಎಕ್ಸ್-ರೇ ಫಿಲಂ ದೇಶದಾದ್ಯಂತ ಬಳಕೆಯಲ್ಲಿದ್ದವು. ಹಳೆಯ ಸ್ಟುಡಿಯೋಗಳ ಮೂಲೆಗಳಲ್ಲಿ ಅದರ ಖಾಲಿ ಡಬ್ಬಿಗಳು ಈಗಲೂ ಕಾಣಸಿಗುತ್ತವೆ. ಬಣ್ಣದ ಫಿಲಂ, ಆಮದು, ಕೊನೆಗೆ ಡಿಜಿಟಲ್ ಇವುಗಳ ಮುಂದೆ ನಿಲ್ಲಲಾರದೆ ಅದು ಮುಚ್ಚಿಹೋಯಿತು. ಹೀಗಾಗಿ ಭಾರತದಲ್ಲಿ ಫಿಲಂ ಬಳಸುವವರು ಪೂರ್ತಿ ಆಮದನ್ನೇ ಅವಲಂಬಿಸಿದ್ದಾರೆ.

ಮನೆಯಲ್ಲೇ ಡೆವಲಪ್ ಮಾಡಿಕೊಳ್ಳುತ್ತೇನೆ. ಅದು ಕೈಕೆಲಸವಲ್ಲವೇ?

ಕೈಕೆಲಸ ಹೌದು, ಒಳ್ಳೆಯ ಕೆಲಸವೂ ಹೌದು. ಆದರೆ ಅಂಗಡಿಯ ಹಪ್ಪಳ ತಂದು ಮನೆಯಲ್ಲಿ ಕರಿದರೆ ಹಪ್ಪಳ ಮಾಡಿದಂತಾಗುವುದಿಲ್ಲ. ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್‌ಗಳಲ್ಲಿ ಡಿ-76 ಸೂತ್ರ 1927ರಷ್ಟು ಹಳೆಯದು, ರಾಡಿನಾಲ್ 1891ರದು. ಎರಡನ್ನೂ ಮನೆಯಲ್ಲಿ ತೂಗಿ ಬೆರೆಸಿಕೊಳ್ಳಬಹುದು. ಹಾಗೆ ಮಾಡಿದಾಗಲೂ ಡೆವಲಪರ್ ಕೆಲಸ ಮಾಡುವುದು ಬೇರೆಯವರು ಹಾಸಿಕೊಟ್ಟ ಬೆಳ್ಳಿಯ ಹರಳುಗಳ ಮೇಲೆ.

ಫಿಲಂ ಅನ್ನೇ ಮನೆಯಲ್ಲಿ ತಯಾರಿಸಲು ಸಾಧ್ಯವಿದೆಯೇ?

ಗಾಜಿನ ಫಲಕದ ಮೇಲೆ ಕಪ್ಪು-ಬಿಳುಪು ಚಿತ್ರ ಸಾಕು ಎನ್ನುವವರಿಗೆ ಸಾಧ್ಯವಿದೆ. ರಿಚರ್ಡ್ ಲೀಚ್ ಮ್ಯಾಡಾಕ್ಸ್ 1871ರಲ್ಲಿ ಪ್ರಕಟಿಸಿದ ಜೆಲಾಟಿನ್ ಎಮಲ್ಷನ್ನಿನ (ಬೆಳ್ಳಿಯ ಹರಳುಗಳು ಹರಡಿಕೊಂಡ ಜೆಲಾಟಿನ್) ತತ್ವವೇ ಇಂದಿನ ಫಿಲಂಗೂ ಅಡಿಪಾಯ. ಬಿಸಿನೀರಿನಲ್ಲಿ ಜೆಲಾಟಿನ್ ಕರಗಿಸಿ, ಅದಕ್ಕೆ ಪೊಟ್ಯಾಸಿಯಂ ಬ್ರೋಮೈಡ್ ಮತ್ತು ಚೂರು ಅಯೋಡೈಡ್ ಸೇರಿಸಿ, ಕೆಂಪು ಬೆಳಕಿನಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ನಿಧಾನವಾಗಿ ಬಿಡುತ್ತ ಕಲಕುತ್ತಾರೆ. ಹುಟ್ಟಿದ ಸಿಲ್ವರ್ ಬ್ರೋಮೈಡ್ ಹರಳುಗಳು ಬೆಳೆಯಲೆಂದು ಒಂದಿಷ್ಟು ಹೊತ್ತು ಅದೇ ಬಿಸಿಯಲ್ಲಿ ಬಿಡುತ್ತಾರೆ. ಆಮೇಲೆ ತಣಿಸಿ ಗಟ್ಟಿಮಾಡಿ, ಶಾವಿಗೆಯಂತೆ ಎಳೆಗಳಾಗಿ ಒತ್ತಿ, ಬೇಡದ ಲವಣ ಹೋಗುವವರೆಗೆ ತಣ್ಣೀರಿನಲ್ಲಿ ತೊಳೆದು, ಮತ್ತೆ ಕರಗಿಸಿ ಗಾಜಿಗೆ ಸುರಿದು ಹರಡುತ್ತಾರೆ. ಇದರ ವೇಗ (ಬೆಳಕಿಗೆ ಸ್ಪಂದಿಸುವ ಚುರುಕು) ಐಎಸ್‌ಒ ಲೆಕ್ಕದಲ್ಲಿ ಬಹಳ ಕಡಿಮೆ, ಕೆಂಪು ಬಣ್ಣ ಅದಕ್ಕೆ ಕಾಣುವುದೇ ಇಲ್ಲ, ಒಂದು ಧೂಳಿನ ಕಣವೂ ಕಲೆಯಾಗಿ ಉಳಿಯುತ್ತದೆ. ಹೀಗೆ ತಯಾರಿಸಿದ, ಡ್ರೈ ಪ್ಲೇಟ್ ಎಂಬ ಗಾಜಿನ ಫಲಕದಲ್ಲಿ ಚಿತ್ರ ತೆಗೆಯುವವರನ್ನು ಪರ್ಯಾಯ ಪ್ರಕ್ರಿಯೆಯವರೆಂದು ಒಪ್ಪಲು ನನಗೆ ಯಾವ ತಕರಾರೂ ಇಲ್ಲ.

ಎಡವಟ್ಟಾಗುವುದು ಪ್ಲಾಸ್ಟಿಕ್ ಪಟ್ಟಿಯ ಮೇಲೆ, ಅದಕ್ಕಿಂತ ಹೆಚ್ಚಾಗಿ ಬಣ್ಣದಲ್ಲಿ. ಬಣ್ಣದ ನೆಗೆಟಿವ್ ಫಿಲಂನಲ್ಲಿ ಹತ್ತಕ್ಕೂ ಹೆಚ್ಚು ಪದರಗಳು ಕೂದಲೆಳೆಗಿಂತ ತೆಳ್ಳಗಿನ ದಪ್ಪದೊಳಗೆ ಕುಳಿತಿರುತ್ತವೆ. ಬೇರೆ ಬೇರೆ ಬಣ್ಣಗಳಿಗೆ ಸ್ಪಂದಿಸುವ ಆ ಪದರಗಳನ್ನು ಸಂಪೂರ್ಣ ಕತ್ತಲೆಯಲ್ಲಿ, ವೇಗವಾಗಿ ಓಡುವ ಅಗಲವಾದ ಹಾಳೆಯ ಮೇಲೆ ಏಕರೂಪವಾಗಿ ಹಾಯಿಸಬೇಕು. ಅಡುಗೆಮನೆಯ ಒಲೆ, ಗಾಜಿನ ಕಡ್ಡಿ, ತಾಳ್ಮೆ ಇವುಗಳಿಂದ ಆಗುವ ಕೆಲಸ ಇದಲ್ಲ.

ಹಾಗಿದ್ದರೆ ಕಾರ್ಖಾನೆ ನಿಂತ ದಿನ ಬಣ್ಣದ ಫಿಲಂ ಪರ್ಯಾಯ ಪ್ರಕ್ರಿಯೆಯಾಗುವುದಿಲ್ಲವೇ?

ಆಗುವುದಿಲ್ಲ, ಅದು ಸುಮ್ಮನೆ ಸಾಯುತ್ತದೆ. ಇದಕ್ಕೆ ಕೊಡಾಕ್ರೋಮ್ ಸಾಕ್ಷಿ. 1935ರಲ್ಲಿ ಬಂದ ಆ ಫಿಲಂನಲ್ಲಿ ಬಣ್ಣದ ಅಂಶಗಳು ಫಿಲಂನೊಳಗೆ ಇರುತ್ತಿರಲಿಲ್ಲ, ಸಂಸ್ಕರಣೆಯ ಹಂತದಲ್ಲಿ ಒಂದೊಂದಾಗಿ ಸೇರಿಸಬೇಕಾಗಿತ್ತು. ಆದ್ದರಿಂದ ಅದಕ್ಕೆ ವಿಶೇಷ ಯಂತ್ರಗಳೂ ನುರಿತ ರಸಾಯನಜ್ಞರೂ ಬೇಕಾಗಿದ್ದರು. ಕೊಡಾಕ್ 2009ರಲ್ಲಿ ತಯಾರಿಕೆ ನಿಲ್ಲಿಸಿತು. ಜಗತ್ತಿನಲ್ಲಿ ಉಳಿದಿದ್ದ ಕೊನೆಯ ಲ್ಯಾಬು, ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನದು, 2010ರ ಡಿಸೆಂಬರ್ ಕೊನೆಯಲ್ಲಿ ರೋಲುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಅಲ್ಲಿಗೆ ಕೊಡಾಕ್ರೋಮಿನ ಬಣ್ಣ ಮುಗಿಯಿತು. ಇಂದು ಯಾರ ಬಳಿಯಾದರೂ ಹಳೆಯ ರೋಲು ಉಳಿದಿದ್ದರೆ ಅದನ್ನು ಕಪ್ಪು-ಬಿಳುಪಾಗಿ ಡೆವಲಪ್ ಮಾಡಿಕೊಳ್ಳುವುದಷ್ಟೇ ದಾರಿ.

ಲ್ಯೂಮಿಯೇರ್ ಸಹೋದರರು 1907ರಲ್ಲಿ ಮಾರುಕಟ್ಟೆಗೆ ತಂದ ಆಟೋಕ್ರೋಮ್ ಎಂಬ ಬಣ್ಣದ ಚಿತ್ರದ ಗಾಜಿನ ಫಲಕ ಮತ್ತು ಕೊಡಾಕ್ 1990ರ ದಶಕದಲ್ಲಿ ಸಾಮಗ್ರಿ ನಿಲ್ಲಿಸಿದ ಬಣ್ಣದ ಮುದ್ರಣ ವಿಧಾನವಾದ ಡೈ ಟ್ರಾನ್ಸ್‌ಫರ್ ಇವೆರಡೂ ನಡುವಿನ ಸ್ಥಿತಿಯವು. ಹಠ ತೊಟ್ಟ ಬೆರಳೆಣಿಕೆಯ ಜನ ಅವನ್ನು ಮರುಸೃಷ್ಟಿಸಲು ದುಡಿದಿದ್ದಾರೆ. ಯಾವ ಪ್ರಕ್ರಿಯೆ ಪರ್ಯಾಯವಾಗಿ ಬದುಕುತ್ತದೆ ಎಂಬುದನ್ನು ನಿರ್ಧರಿಸುವುದು ಅದರ ಮೇಲಿನ ಪ್ರೀತಿಗಿಂತ ಅದರ ರಸಾಯನ ಎಷ್ಟು ಸರಳ ಎಂಬುದು. ಸಯನೋಟೈಪಿಗೆ ಎರಡು ಲವಣ, ನೀರು, ಬಿಸಿಲು ಸಾಕು. ಅದು ಎಲ್ಲರಿಗಿಂತ ಹೆಚ್ಚು ಕಾಲ ಬಾಳುವುದು ಸಹಜ.

ಫಿಲಂನಲ್ಲಿ ತೆಗೆದು ಸ್ಕ್ಯಾನ್ ಮಾಡಿ, ಇಂಕ್‌ಜೆಟ್‌ನಲ್ಲಿ ಮುದ್ರಿಸಿದರೆ ಅದನ್ನು ಏನೆಂದು ಕರೆಯಬೇಕು?

ಮಿಶ್ರ ವಿಧಾನ ಎನ್ನಬೇಕು. ಇಂದು ಫಿಲಂ ಬಳಸುವವರಲ್ಲಿ ಬಹಳಷ್ಟು ಜನರ ರೋಲು ಲ್ಯಾಬಿನಿಂದ ಫೈಲಾಗಿಯೇ ಮರಳುತ್ತದೆ, ನೆಗೆಟಿವ್ ಕಪಾಟು ಸೇರುತ್ತದೆ. ಬೆಳಕನ್ನು ಹಿಡಿದದ್ದು ಬೆಳ್ಳಿಯಾದರೂ ನೋಡುಗರಿಗೆ ತಲುಪುವುದು ಪರದೆಯ ಮೇಲೆ ಅಥವಾ ಶಾಯಿಯಲ್ಲಿ. ಇದರಲ್ಲಿ ತಪ್ಪೇನೂ ಇಲ್ಲ; ಇದನ್ನು ಪರ್ಯಾಯ ಪ್ರಕ್ರಿಯೆ ಎಂದು ಕರೆದಾಗ ಮಾತ್ರ ಕಸಿವಿಸಿಯಾಗುತ್ತದೆ.

ಡಿಜಿಟಲ್ ಕ್ಯಾಮೆರಾದ ಚಿತ್ರದಿಂದ ಸಯನೋಟೈಪ್ ಮಾಡಿದರೆ?

ಅದು ನಿಸ್ಸಂದೇಹವಾಗಿ ಪರ್ಯಾಯ ಪ್ರಕ್ರಿಯೆ. ಈ ಮುದ್ರಣಗಳಲ್ಲಿ ಹೆಚ್ಚಿನವಕ್ಕೆ ಚಿತ್ರದಷ್ಟೇ ದೊಡ್ಡ ನೆಗೆಟಿವ್ ಬೇಕು, ಏಕೆಂದರೆ ಅವು ಅತಿನೇರಳೆ ಬೆಳಕಿಗೆ ಮುಖ್ಯವಾಗಿ, ಅದೂ ನಿಧಾನವಾಗಿ ಸ್ಪಂದಿಸುವುದರಿಂದ, ನೆಗೆಟಿವನ್ನು ದೊಡ್ಡದಾಗಿ ಬಿಂಬಿಸುವ ಯಂತ್ರವಾದ ಎನ್‌ಲಾರ್ಜರ್‌ನಿಂದ ಕೆಲಸ ಆಗದು. ಹಿಂದೆ ಇದಕ್ಕಾಗಿ ದೊಡ್ಡ ಕ್ಯಾಮೆರಾ ಹೊರಬೇಕಿತ್ತು. ಈಗ ಮೊಬೈಲಿನಲ್ಲಿ ತೆಗೆದ ಚಿತ್ರವನ್ನೂ ಕಂಪ್ಯೂಟರಿನಲ್ಲಿ ನೆಗೆಟಿವ್ ಮಾಡಿ, ಪಾರದರ್ಶಕ ಹಾಳೆಯ ಮೇಲೆ ಇಂಕ್‌ಜೆಟ್ಟಿನಲ್ಲಿ ಮುದ್ರಿಸಿ, ಲೇಪಿಸಿದ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿಯಬಹುದು. ಪರ್ಯಾಯ ಪ್ರಕ್ರಿಯೆಗಳ ಇತ್ತೀಚಿನ ಹರಡುವಿಕೆಗೆ ಡಿಜಿಟಲ್ ನೆಗೆಟಿವ್ ದೊಡ್ಡ ಕಾರಣವಾಗಿದೆ. ಆದ್ದರಿಂದ ಒಂದು ಕಡೆ ಡಿಜಿಟಲ್, ಇನ್ನೊಂದು ಕಡೆ ಫಿಲಂ ಮತ್ತು ಹಳೆಯ ಪ್ರಕ್ರಿಯೆಗಳೆಲ್ಲ ಒಟ್ಟಿಗೆ ಎಂದು ಗೆರೆ ಎಳೆಯುವವರು ಇಂದಿನ ಕಾರ್ಯಾಗಾರಗಳಲ್ಲಿ ನಡೆಯುತ್ತಿರುವುದನ್ನು ನೋಡುತ್ತಿಲ್ಲ ಎಂದೇ ಹೇಳಬೇಕಾಗುತ್ತದೆ.

ಡಾರ್ಕ್‌ರೂಮಿನಲ್ಲಿ ಬ್ರೋಮೈಡ್ ಕಾಗದದ ಮೇಲೆ ಮುದ್ರಿಸುವುದು?

ಇದೇ ನಿಜವಾದ ಗಡಿನಾಡು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಪೀಳಿಗೆಗೆ ಡಾರ್ಕ್‌ರೂಮ್ ಎಂದರೆ ಚಿತ್ರ ಪೂರ್ತಿಯಾಗುವ ಜಾಗ. ಎಲ್ಲಿ ಬೆಳಕು ತಡೆಯಬೇಕು, ಎಲ್ಲಿ ಹೆಚ್ಚು ಬೀಳಿಸಬೇಕು ಎಂಬ ನಿರ್ಧಾರಗಳೆಲ್ಲ ಅಲ್ಲಿ ಬೆರಳುಗಳ ಮೂಲಕ ನಡೆಯುತ್ತಿದ್ದವು. ಇಂದು ಫಿಲಂ ತೆಗೆಯುವವರಿಗಿಂತ ಎನ್‌ಲಾರ್ಜರ್ ಮುಂದೆ ನಿಲ್ಲುವವರು ತೀರಾ ಕಡಿಮೆ. ಕೊಡಾಕ್ ಕಪ್ಪು-ಬಿಳುಪು ಕಾಗದವನ್ನು ನಿಲ್ಲಿಸುವುದಾಗಿ 2005ರಲ್ಲೇ ಹೇಳಿತು. ಇಲ್ಫೋರ್ಡ್, ಫೋಮಾದಂಥ ಕೆಲವರು ಉಳಿಸಿಕೊಂಡಿದ್ದಾರೆ. ಕಾಗದ ಸಿದ್ಧರೂಪದಲ್ಲಿ ಸಿಗುವವರೆಗೆ ನನ್ನ ಅಳತೆಯಲ್ಲಿ ಇದೂ ರೂಢಿಯ ಪ್ರಕ್ರಿಯೆಯೇ. ಆದರೆ ಬಾಟಲಿಯಲ್ಲಿ ಸಿಗುವ ದ್ರವ ಎಮಲ್ಷನ್ನನ್ನು ಬಟ್ಟೆ, ಮರ ಅಥವಾ ಕೈಕಾಗದಕ್ಕೆ ಬಳಿದು ಮುದ್ರಿಸಿದರೆ, ಎಮಲ್ಷನ್ ಕಾರ್ಖಾನೆಯದಾದರೂ ಪದರ ಕೈಯದು. ಅದನ್ನು ಪರ್ಯಾಯದ ಕಡೆಗೆ ಬಿಟ್ಟುಕೊಡುತ್ತೇನೆ. ಅಳತೆ ಇಲ್ಲಿ ಸ್ವಲ್ಪ ಜಗ್ಗುತ್ತದೆ ಎಂಬುದು ನಿಜ.

ಕರ್ನಾಟಕದಲ್ಲಿ ಈ ಹಳೆಯ ಪ್ರಕ್ರಿಯೆಗಳಿಗೆ ಇತಿಹಾಸವಿದೆಯೇ?

ಇದೆ, ಅದೂ ಬಹಳ ಹಿಂದಿನದು. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ 1854ರಲ್ಲಿ ಮೈಸೂರು ಸೀಮೆಗೆ ಬಂದು ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದನು. ಅದೇ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಅವಶೇಷಗಳನ್ನು ಸುಮಾರು 16 ಅಂಗುಲಕ್ಕೆ 18 ಅಂಗುಲದ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿದನು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1980ರ ದಶಕದಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದದ್ದರಿಂದ, ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಯಾವ ಕಂಬ ಬಿತ್ತು, ಯಾವ ಗೋಪುರ ದುರಸ್ತಿಯಾಯಿತು ಎಂಬುದನ್ನು ಹೋಲಿಸಿ ನೋಡಲು ಸಾಧ್ಯವಾಗಿದೆ.

ಆ ಹೊತ್ತಿಗೆ ವೆಟ್ ಕೊಲೋಡಿಯನ್ ಬಂದಿತ್ತು. ಆದರೂ ಇವರು ಕಾಗದವನ್ನು ಆರಿಸಿಕೊಂಡದ್ದರಲ್ಲಿ ವಿವೇಕವಿತ್ತು: ಕೊಲೋಡಿಯನ್ ಫಲಕವನ್ನು ಹಸಿಯಾಗಿರುವಾಗಲೇ ಬಳಸಬೇಕು, ನಮ್ಮ ಬಿಸಿಲಿಗೆ ಅದು ನಿಮಿಷಗಳಲ್ಲಿ ಒಣಗುತ್ತದೆ, ಮೇಣದ ಕಾಗದವನ್ನು ಮೊದಲೇ ಸಿದ್ಧಪಡಿಸಿಟ್ಟುಕೊಳ್ಳಬಹುದು, ಗಾಜಿನಂತೆ ಎತ್ತಿನ ಗಾಡಿಯಲ್ಲಿ ಒಡೆಯುವ ಭಯವೂ ಇಲ್ಲ. ಟ್ರೈಪ್ ಮಾಡಿದ್ದೆಲ್ಲವೂ ಕೈಯಾರೆ ಮಾಡಿದ್ದೇ, ಆದರೂ ಅವನದು ಪರ್ಯಾಯ ಪ್ರಕ್ರಿಯೆಯಾಗಿರಲಿಲ್ಲ; ಎದುರಿಗೆ ಕಾರ್ಖಾನೆಯ ರೂಢಿ ಇನ್ನೂ ಹುಟ್ಟಿರಲಿಲ್ಲ. ಎರಡು ಷರತ್ತುಗಳೂ ಏಕೆ ಬೇಕು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಪೋಲರಾಯ್ಡ್, ಇನ್‌ಸ್ಟಾಕ್ಸ್, ಪಿನ್‌ಹೋಲ್, ಅವಧಿ ಮೀರಿದ ಫಿಲಂ ಇವು ಯಾವ ಗುಂಪಿಗೆ ಸೇರುತ್ತವೆ?

ಇನ್‌ಸ್ಟಾಕ್ಸ್ ಮಾಲ್‌ಗಳಲ್ಲಿ ಮಾರಾಟವಾಗುವ, ಕೂಡಲೇ ಚಿತ್ರ ಕೈಗೆ ಬರುವ ಜನಪ್ರಿಯ ಫಿಲಂ ಸರಕು, ಅದನ್ನು ಪರ್ಯಾಯವೆನ್ನುವುದು ತಮಾಷೆಯಾದೀತು. ಪೋಲರಾಯ್ಡ್ ಕಂಪನಿ 2008ರಲ್ಲಿ ಫಿಲಂ ನಿಲ್ಲಿಸಿದಾಗ ಕೆಲವರು ನೆದರ್ಲೆಂಡ್ಸ್‌ನ ಎನ್‌ಸ್ಕೆಡೆಯಲ್ಲಿದ್ದ ಕಾರ್ಖಾನೆಯನ್ನೇ ಉಳಿಸಿಕೊಂಡು ಹೊಸ ಸೂತ್ರ ಕಂಡುಕೊಂಡರು. ಕಾರ್ಖಾನೆಯಿಲ್ಲದೆ ಇದು ಆಗದು ಎಂಬುದು ಅವರಿಗೆ ಗೊತ್ತಿತ್ತು. ಪಿನ್‌ಹೋಲ್ ಎಂಬುದು ಲೆನ್ಸಿನ ಬದಲು ಸೂಜಿರಂಧ್ರವಿರುವ ಕ್ಯಾಮೆರಾ, ಪ್ರಕ್ರಿಯೆಯಲ್ಲ. ಅವಧಿ ಮೀರಿದ ಫಿಲಂ ಬರೀ ಹಳೆಯ ಫಿಲಂ.

ಪ್ರದರ್ಶನದಲ್ಲಿ ಚಿತ್ರದ ಕೆಳಗೆ ಏನೆಂದು ಬರೆಯಬೇಕು?

ಪರ್ಯಾಯ ಪ್ರಕ್ರಿಯೆ ಎಂಬ ಮಾತನ್ನು ಅಲ್ಲಿ ಬರೆಯಲೇಬೇಡಿ. ವಸ್ತುಸಂಗ್ರಹಾಲಯಗಳ ಪದ್ಧತಿ ಒಳ್ಳೆಯದು: ಕಣ್ಣೆದುರಿಗಿರುವ ಮುದ್ರಣ ಯಾವ ವಸ್ತುವಿನದು ಎಂಬುದನ್ನು ಅವು ಹೇಳುತ್ತವೆ. ಜೆಲಾಟಿನ್ ಸಿಲ್ವರ್ ಪ್ರಿಂಟ್, ಸಯನೋಟೈಪ್, ಕೈಕಾಗದದ ಮೇಲೆ ಗಮ್ ಬೈಕ್ರೋಮೇಟ್, ಫಿಲಂ ನೆಗೆಟಿವ್‌ನ ಸ್ಕ್ಯಾನ್‌ನಿಂದ ಪಿಗ್ಮೆಂಟ್ ಪ್ರಿಂಟ್ (ಇಂಕ್‌ಜೆಟ್ ಮುದ್ರಣ), ಹೀಗೆ ಬರೆದರೆ ನೋಡುಗರಿಗೂ ಕೊಳ್ಳುವವರಿಗೂ ಗೊಂದಲವಿರುವುದಿಲ್ಲ. ಕೊನೆಯದನ್ನು ಬರೀ ಫಿಲಂ ಫೋಟೋ ಎಂದು ಬರೆದು ಬೆಲೆ ಏರಿಸುವುದನ್ನು ಅಲ್ಲಲ್ಲಿ ಕಂಡಿದ್ದೇನೆ; ಅದು ಕೊಳ್ಳುವವರನ್ನು ದಾರಿತಪ್ಪಿಸುವ ಕೆಲಸ.

ಕಾರ್ಯಾಗಾರಗಳು ಫಿಲಂ ಮತ್ತು ಸಯನೋಟೈಪ್ ಎರಡನ್ನೂ ಒಂದೇ ಹೆಸರಿನಡಿ ಕಲಿಸುತ್ತವಲ್ಲ?

ಅನುಕೂಲಕ್ಕಾಗಿ ಹಾಗೆ ಮಾಡುತ್ತವೆ. ಸಿಂಕು, ಟ್ರೇ, ಕತ್ತಲೆ ಕೋಣೆ, ಕಲಿಯಲು ಬರುವ ಜನ ಎಲ್ಲವೂ ಒಂದೇ ಆಗಿರುವಾಗ ಬೇರೆ ಬೇರೆ ಬೋರ್ಡು ಹಾಕಬೇಕಾಗಿಲ್ಲ.

ನಮ್ಮಲ್ಲಿ ಹೊಸದಾಗಿ ಆರಂಭಿಸುವವರು ಯಾವುದರಿಂದ ತೊಡಗಬೇಕು?

ಕೈಯಲ್ಲಿ ಪ್ರಕ್ರಿಯೆ ಬೆಳೆಯಬೇಕೆಂದರೆ ಸಯನೋಟೈಪಿನಿಂದ. 100 ಮಿಲಿಲೀಟರ್ ನೀರಿನಲ್ಲಿ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದು 100 ಮಿಲಿಲೀಟರಿನಲ್ಲಿ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಕರಗಿಸಿಟ್ಟು, ಬಳಸುವಾಗ ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ, ಮಂದ ಬೆಳಕಿನಲ್ಲಿ ಜಲವರ್ಣದ ಕಾಗದಕ್ಕೆ ಬಳಿದು, ಕತ್ತಲಲ್ಲಿ ಒಣಗಿಸಬೇಕು. ನಡುಹಗಲಿನ ಬಿಸಿಲಿನಲ್ಲಿ ಹತ್ತು ನಿಮಿಷದ ಆಸುಪಾಸು ಇಟ್ಟು ನೀರಿನಲ್ಲಿ ತೊಳೆದರೆ ನೀಲಿ ಚಿತ್ರ ಮೂಡುತ್ತದೆ. ನಮ್ಮಲ್ಲಿ ಕೊಳವೆಬಾವಿಯ ನೀರು ಹಲವೆಡೆ ಕ್ಷಾರೀಯವಾಗಿದ್ದು, ಕ್ಷಾರ ತಗುಲಿದರೆ ನೀಲಿ ಮಾಸುತ್ತದೆ. ಮೊದಲ ತೊಳೆತದ ನೀರಿಗೆ ಒಂದಿಷ್ಟು ವಿನೆಗರ್ ಸೇರಿಸುವುದು ಒಳ್ಳೆಯದು. ಮಳೆಗಾಲದಲ್ಲಿ ಮಲೆನಾಡಿನವರೂ ಕರಾವಳಿಯವರೂ ಬಿಸಿಲನ್ನು ನಂಬಿ ಕೂರುವ ಬದಲು ಅತಿನೇರಳೆ ದೀಪದ ಪೆಟ್ಟಿಗೆ ಮಾಡಿಕೊಳ್ಳಬೇಕು.

ಫಿಲಂನಿಂದ ತೊಡಗುವುದಾದರೆ ಕಪ್ಪು-ಬಿಳುಪು ಒಳ್ಳೆಯದು. ಡೆವಲಪರ್‌ಗೆ ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಹೇಳಿರುತ್ತಾರೆ. ಬೇಸಿಗೆಯ ನಲ್ಲಿ ನೀರು ಅದಕ್ಕಿಂತ ಬಿಸಿಯಾಗಿರುವುದರಿಂದ ಐಸ್ ಪಾತ್ರೆಯಲ್ಲಿ ತಣಿಸಬೇಕು, ಇಲ್ಲವೇ ಏರಿದ ಉಷ್ಣತೆಗೆ ತಕ್ಕಂತೆ ಸಮಯ ಕಡಿಮೆ ಮಾಡಬೇಕು. ಬಣ್ಣದ ನೆಗೆಟಿವ್ ಫಿಲಂ ತೊಳೆಯುವ ಸಿ-41 ವಿಧಾನಕ್ಕೆ ಸುಮಾರು 38 ಡಿಗ್ರಿ ಬೇಕು, ಅಲ್ಲಿ ಅರ್ಧ ಡಿಗ್ರಿಯ ಏರುಪೇರೂ ಬಣ್ಣ ಕೆಡಿಸಬಹುದು. ತೊಳೆದ ನೆಗೆಟಿವ್‌ಗಳನ್ನು ಸಿಲಿಕಾ ಜೆಲ್ ಜೊತೆಗೆ ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಎರಡು ಮಳೆಗಾಲದಲ್ಲಿ ಜೆಲಾಟಿನ್ ಮೇಲೆ ಬೂಷ್ಟು ಹಿಡಿಯುತ್ತದೆ.

ರಾಸಾಯನಿಕಗಳಿಂದ ಅಪಾಯವಿದೆಯೇ?

ಪ್ರಕ್ರಿಯೆಯಿಂದ ಪ್ರಕ್ರಿಯೆಗೆ ಬದಲಾಗುತ್ತದೆ. ಗಮ್ ಮುದ್ರಣದ ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ, ಕೈಗವಸಿಲ್ಲದೆ ಮುಟ್ಟಬಾರದು, ಪುಡಿಯನ್ನು ಉಸಿರಾಡಬಾರದು. ಕೊಲೋಡಿಯನ್‌ನಲ್ಲಿರುವ ಈಥರ್ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಸಯನೋಟೈಪ್ ಸುರಕ್ಷಿತವೆಂದು ಹೆಸರಾದರೂ ಅದರ ಫೆರಿಸಯನೈಡನ್ನು ತೀಕ್ಷ್ಣ ಆಮ್ಲದೊಂದಿಗೆ ಬೆರೆಸಿದರೆ ವಿಷಾನಿಲ ಹೊರಡುತ್ತದೆ. ಚಿತ್ರವನ್ನು ಸ್ಥಿರಗೊಳಿಸಲು ಬಳಸಿದ ಹೈಪೋ ದ್ರಾವಣದಲ್ಲಿ ಕರಗಿದ ಬೆಳ್ಳಿ ಇರುತ್ತದೆ. ಹಿಂದೆ ಸ್ಟುಡಿಯೋಗಳಿಂದ ಅದನ್ನು ಕೊಂಡೊಯ್ದು ಬೆಳ್ಳಿ ತೆಗೆಯುವವರಿದ್ದರು. ಈಗ ಅವರು ಸಿಗದಿದ್ದರೂ ಅದನ್ನು ಬಾವಿಯ ಪಕ್ಕದ ಚರಂಡಿಗೆ ಸುರಿಯಬಾರದು.

ಎಕ್ಸ್-ರೇ ಫಿಲಂನಲ್ಲಿ ಚಿತ್ರ ತೆಗೆಯುವವರನ್ನು ಎಲ್ಲಿ ಸೇರಿಸಬೇಕು?

ವೈದ್ಯಕೀಯ ಸರಕಿನ ಅಂಗಡಿಯಲ್ಲಿ ಸಿಗುವ ಎಕ್ಸ್-ರೇ ಫಿಲಂ ದೊಡ್ಡ ಹಾಳೆಯ ಮಾಮೂಲಿ ಫಿಲಂಗಿಂತ ಬಹಳ ಅಗ್ಗ. ಅದಕ್ಕೆ ಕೆಂಪು ಬೆಳಕು ಕಾಣದಿರುವುದರಿಂದ ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತ ಕತ್ತರಿಸಿ ಡೆವಲಪ್ ಮಾಡಬಹುದು. ಸಾಮಾನ್ಯವಾಗಿ ಎರಡೂ ಬದಿಗೆ ಎಮಲ್ಷನ್ ಇರುವುದರಿಂದ ಟ್ರೇಯಲ್ಲಿ ಗೀರು ಬೀಳುವುದೇ ದೊಡ್ಡ ತೊಂದರೆ. ಸಯನೋಟೈಪ್, ಪ್ಲ್ಯಾಟಿನಂ ಮುದ್ರಿಸುವವರು ದೊಡ್ಡ ನೆಗೆಟಿವ್‌ಗಾಗಿ ಇದನ್ನು ಇಷ್ಟಪಡುತ್ತಾರೆ. ಆದರೂ ಕಾರ್ಖಾನೆ ಲೇಪಿಸಿದ ಹಾಳೆ ಅದು, ಆದ್ದರಿಂದ ನೆಗೆಟಿವ್‌ನ ಮಟ್ಟಿಗೆ ರೂಢಿಯ ಫಿಲಂ ಎಂದೇ ಲೆಕ್ಕ. ಅದರಿಂದ ಕೈಯಾರೆ ಲೇಪಿಸಿದ ಕಾಗದಕ್ಕೆ ಮುದ್ರಿಸಿದರೆ ಆ ಮುದ್ರಣ ಪರ್ಯಾಯ ಪ್ರಕ್ರಿಯೆಯದು. ಆಸ್ಪತ್ರೆಗಳು ವೇಗವಾಗಿ ಡಿಜಿಟಲ್ ರೇಡಿಯೋಗ್ರಫಿಗೆ ಹೊರಳುತ್ತಿರುವುದರಿಂದ ಈ ಹಾಳೆ ಇನ್ನೆಷ್ಟು ಕಾಲ ಅಗ್ಗವಾಗಿ ಸಿಗುತ್ತದೆ ಎಂದು ನಂಬಿ ಕೂರುವಂತಿಲ್ಲ; ಬೇಕಾದವರು ಒಂದು ಪೆಟ್ಟಿಗೆ ಕೊಂಡು ತಂಪಾದ ಜಾಗದಲ್ಲಿಟ್ಟುಕೊಳ್ಳುವುದು ಲೇಸು.